ಕಾಲ್ಗುಣ, ಕೈಗುಣ

ನಮ್ಮ ಮನೆಯ ಕಾರು ಕೆಟ್ಟ ಕಥೆಯೊಂದಿದೆ. ಕಾರುಗಳಲ್ಲಿ ಆಸಕ್ತಿ ಇಲ್ಲದವರೂ ಇದನ್ನು ಓದಬಹುದು. ಆಗ ನನಗೂ ಇರಲಿಲ್ಲ. ಈಗ ಧಾರವಾಡದಲ್ಲಿ ಕುಳಿತು ‘ಕಾರಣ’ ಎಂಬ ಪರಿಕಲ್ಪನೆಯ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ನ್ಯಾಯದರ್ಶನದ ಪುಟಗಳನ್ನು ತಿರುವಿದಾಗಲೆಲ್ಲ ನಿಪ್ಪಾಣಿಯ ಒಂದು ಗ್ಯಾರೇಜು, ಎಣ್ಣೆ ಮೆತ್ತಿದ ಒಂದು ಕೈ, ಒಂದು ವೈರು ಕಣ್ಣ ಮುಂದೆ ಬರುತ್ತವೆ. ಅವುಗಳ ಹಿಂದೆಯೇ ನಮ್ಮ ವೈನಿಯ ಮುಖವೂ ಬರುತ್ತದೆ.

ನಮ್ಮದು ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗಾ ದಂಡೆಯ ಊರು. ಮೊಣಕಾಲಿನ ಆಪರೇಶನ್ ಆದಮೇಲೆ ಅಪ್ಪನಿಗೆ ಎಡಗಾಲಿನಿಂದ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಹಾಗಾಗಿ ಬೆಳಗಾವಿಯಿಂದ ಒಂದು ಹಳೆಯ ಆಟೊಮ್ಯಾಟಿಕ್ ಕಾರು ತಂದರು. ಊರಿನಲ್ಲಿ ಅದಕ್ಕೆ ‘ಗೇರ್ ಇಲ್ಲದ ಗಾಡಿ’ ಎಂದು ಹೆಸರಾಯಿತು. ಗೇರ್ ಇತ್ತು, ನಾಲ್ಕು ಇದ್ದವು; ಬದಲಿಸುವ ಕೆಲಸ ಮಾತ್ರ ಮನುಷ್ಯನದಾಗಿರಲಿಲ್ಲ. 2019ರ ಮೇ ತಿಂಗಳಲ್ಲಿ ಅಣ್ಣನ ಮದುವೆಯಾಯಿತು. ಹೆಣ್ಣು ಅಥಣಿ ಕಡೆಯವರು. ಅದೇ ಕಾರಿನಲ್ಲಿ ವೈನಿಯನ್ನು ಮನೆತುಂಬಿಸಿಕೊಂಡೆವು.

ಆಗಸ್ಟ್ ಮೊದಲ ವಾರದಲ್ಲಿ ಮಹಾಪೂರ ಬಂತು. ಆ ವರ್ಷವನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಉಕ್ಕಿದವು. ನಿಪ್ಪಾಣಿ ಬಳಿ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆಯೇ ನೀರು ನಿಂತು ಬೆಂಗಳೂರು-ಪುಣೆ ಸಂಚಾರ ಕಡಿದುಹೋಯಿತು. ನಾವು ದನಕರು ಹೊಡೆದುಕೊಂಡು ಎತ್ತರದ ಊರಿನ ಬೀಗರ ಮನೆಗೆ ಹೋದೆವು. ಕಾರು ಅಂಗಳದಲ್ಲೇ ಉಳಿಯಿತು.

ನೀರು ಇಳಿದ ಮೇಲೆ ಮನೆ ತೊಳೆಯಲು ಮೊದಲು ಹೋದವರಲ್ಲಿ ನಾನೂ ಇದ್ದೆ. ಎಲ್ಲೆಲ್ಲೂ ಮೊಣಕಾಲುದ್ದ ರಾಡಿ. ಕಾರಿನ ಬಾಗಿಲು ತೆಗೆದಾಗ ಸೀಟಿನಿಂದ ನೀರು ಸುರಿಯಿತು. ಚಾವಿ ನನ್ನ ಕಿಸೆಯಲ್ಲಿತ್ತು. ನೋಡೋಣ ಎಂದು ತಿರುವಿದೆ. ‘ಟಕ್’ ಎಂದಿತು. ಇನ್ನೊಮ್ಮೆ ತಿರುವಿದೆ. ದಪ್ಪ ಕಬ್ಬಿಣ ಬಾಗಿದಂಥ ಸದ್ದು. ಕೆಳಗಿಳಿದು ಬಾಗಿಲು ಹಾಕಿದೆ. ಯಾರಿಗೂ ಹೇಳಲಿಲ್ಲ.

ಆ ಸದ್ದಿನ ಅರ್ಥ ಆಮೇಲೆ ಗೊತ್ತಾಯಿತು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗೆ ನೀರು ತುಂಬಿರುವಾಗ ಸ್ಟಾರ್ಟರ್ ಮೋಟರು ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮುಳುಗಿದ ಗಾಡಿಯ ಚಾವಿ ಮುಟ್ಟಬಾರದು, ಬ್ಯಾಟರಿ ವೈರು ಬಿಚ್ಚಿ ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು. ಮಾಡಬಾರದ ಆ ಒಂದು ಕೆಲಸವನ್ನು ನಾನು ಎರಡು ಸಲ ಮಾಡಿದ್ದೆ. ಮನೆಯವರ ಲೆಕ್ಕದಲ್ಲಿ ಮಾತ್ರ ಎಂಜಿನ್ ಹೋದದ್ದು ಹೊಳೆಯಿಂದ. ಆ ಲೆಕ್ಕವನ್ನು ತಿದ್ದುವ ಧೈರ್ಯ ನನಗಿರಲಿಲ್ಲ.

ಮಿರಜ್ ಕಡೆ ಅದೇ ಮಾಡೆಲಿನ ಸೆಕೆಂಡ್ ಹ್ಯಾಂಡ್ ಎಂಜಿನ್ ಸಿಕ್ಕಿತು. ಕಾಗವಾಡದ ಗಡಿ ದಾಟಿ ಟೆಂಪೊದಲ್ಲಿ ಬಂತು. ಊರ ಹತ್ತಿರದ ಗ್ಯಾರೇಜಿನ ಹುಡುಗನೊಬ್ಬ ಮೂರು ದಿನ ಕೂತು ಅದನ್ನು ಕೂರಿಸಿದ. ಎಂಜಿನ್ ಸ್ಟಾರ್ಟ್ ಆಯಿತು, ಸದ್ದು ಮೊದಲಿಗಿಂತ ಮೆತ್ತಗಿತ್ತು. ಆದರೆ ‘ಡಿ’ಗೆ ಹಾಕಿದ ಕೂಡಲೇ ಗಾಡಿ ಹಿಂದಿನಿಂದ ಯಾರೋ ಒದ್ದಂತೆ ಜಗ್ಗಿತು. ಆಮೇಲೆ ಗೇರು ಬದಲಾಗಲೇ ಇಲ್ಲ. ಒಂದೇ ಗೇರಿನಲ್ಲಿ ಮುಕ್ಕರಿಯುತ್ತ ನಡೆಯಿತು. ಮುಂದಿನ ಫಲಕದಲ್ಲಿ ಒಂದು ದೀಪ ಮಿಣುಕುತ್ತಿತ್ತು.

“ಎಂಜಿನ್ ಹಾಕಿದ ಮ್ಯಾಗ ಆತು” ಎಂದ ಅಪ್ಪ. “ಆ ಎಂಜಿನ್ನ ಸರಿ ಇಲ್ಲ” ಎಂದ ಕಾಕಾ. ಹುಡುಗನ ಮಜೂರಿಯಲ್ಲಿ ಅರ್ಧ ಹಿಡಿದುಕೊಂಡರು. ರಾಯಬಾಗದಿಂದ ಬಂದಿದ್ದ ಅತ್ತಿ ಅಡುಗೆಮನೆಯಲ್ಲಿ ಅವ್ವನ ಮುಂದೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: “ಹೊಳಿ ಬಂತು, ಕಬ್ಬ ಹೋತು, ಗಾಡಿ ಹೋತು. ಮದುವಿ ಆಗಿ ಮೂರ ತಿಂಗಳನೂ ಆಗಿಲ್ಲ. ಕಾಲ್ಗುಣ ಅಂತಾರಲ್ಲ, ಸುಳ್ಳಲ್ಲ ನೋಡ.” ವೈನಿ ಹಿತ್ತಲಲ್ಲಿ ಭಾಂಡೆ ತೊಳೆಯುತ್ತಿದ್ದರು. ಅವರಿಗೆ ಕೇಳಿಸಿರಬೇಕು. ನನಗಂತೂ ಕೇಳಿಸಿತು.

ಅದೇ ತಿಂಗಳು ಅಪ್ಪ ಎರಡು ಕಾಗದದ ಕೆಲಸ ಹಿಡಿದುಕೊಂಡು ಓಡಾಡುತ್ತಿದ್ದ. ಸೊಸೆಯ ಹೆಸರನ್ನು ರೇಶನ್ ಕಾರ್ಡಿಗೆ ಸೇರಿಸುವುದು ಒಂದು, ಹೊಸ ಎಂಜಿನ್ನಿನ ನಂಬರನ್ನು ಆರ್.ಸಿ.ಗೆ ಸೇರಿಸುವುದು ಇನ್ನೊಂದು. ಗಾಡಿಯ ಆರ್.ಸಿ.ಯಲ್ಲಿ ಎರಡು ನಂಬರುಗಳಿರುತ್ತವೆ, ಚಾಸಿಯದು ಮತ್ತು ಎಂಜಿನ್ನಿನದು. ಎಂಜಿನ್ ಬದಲಾದರೆ ಆರ್‌ಟಿಒ ಕಚೇರಿಗೆ ತಿಳಿಸಿ ನಮೂದು ಮಾಡಿಸಬೇಕು. ಚಾಸಿ ಉಳಿದರೆ ಗಾಡಿ ಅದೇ ಗಾಡಿ. ಹೊರಗಿನಿಂದ ಬಂದದ್ದು ಕಾಗದದ ಮೇಲೆ ಒಳಗಿನದಾಗುವುದು ಇಷ್ಟು ಸುಲಭ. ಮನೆಯವರ ಮನಸ್ಸಿನ ಕಾಗದದಲ್ಲಿ ಮಾತ್ರ ಎಂಜಿನ್ನೂ ವೈನಿಯೂ ಇನ್ನೂ ಹೊರಗಿನವರಾಗಿಯೇ ಇದ್ದರು. ಅದಕ್ಕೇ ಏನು ಕೆಟ್ಟರೂ ಕಣ್ಣು ಮೊದಲು ಅವರ ಕಡೆ ಹೊರಳುತ್ತಿತ್ತು.

ಕಡೆಗೆ ಗಾಡಿಯನ್ನು ಎಳೆಸಿಕೊಂಡು ನಿಪ್ಪಾಣಿಗೆ ಹೋದೆವು. ಅಲ್ಲಿ ಆಟೊಮ್ಯಾಟಿಕ್ ಗಾಡಿಗಳನ್ನು ಬಲ್ಲ ಹಿರಿಯ ಮಿಸ್ತ್ರಿಯೊಬ್ಬರಿದ್ದರು. ಕಾಕಾ ಮೊದಲೇ ತೀರ್ಪು ಕೊಟ್ಟ: “ಎಂಜಿನ್ ಖರಾಬ್ ಐತ್ರಿ. ಇಲ್ಲಾಂದ್ರ ಗೇರ್‌ಬಾಕ್ಸ್ ಹೋಗೈತಿ. ಯಾವುದು ಹೇಳ್ರಿ, ತಗಿಸಿಬಿಡೂಣು.” ಮಿಸ್ತ್ರಿ ಅದಕ್ಕೆ ಉತ್ತರ ಕೊಡಲಿಲ್ಲ. “ಎಂಜಿನ್ ಇಳಿಸುವಾಗ ಏನೇನ ಬಿಚ್ಚಿದ್ರಿ?” ಎಂದು ಕೇಳಿದರು.

ಈ ಪ್ರಶ್ನೆಯ ಬೆಲೆ ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ನಾವು ಅಂದುಕೊಂಡಿದ್ದು ಬದಲಾದದ್ದು ಒಂದೇ, ಎಂಜಿನ್ ಎಂದು. ಆದರೆ ಒಂದು ಎಂಜಿನ್ ಬದಲಿಸಲು ಇಪ್ಪತ್ತು ಜಾಗದಲ್ಲಿ ಕೈ ಹಾಕಬೇಕು. ಬ್ಯಾಟರಿ, ರೇಡಿಯೇಟರಿನ ಪೈಪುಗಳು, ಗೇರಿನ ಎಣ್ಣೆ ತಣ್ಣಗಾಗಲು ಹೋಗುವ ಪೈಪುಗಳು, ಸೆನ್ಸರುಗಳ ಕನೆಕ್ಟರುಗಳು, ಎಂಜಿನ್ ಕೂರುವ ಮೌಂಟುಗಳು, ಅರ್ಥಿಂಗ್ ವೈರುಗಳು, ಎಲ್ಲವನ್ನೂ ಬಿಚ್ಚಬೇಕು. ಇವುಗಳ ಜೊತೆಗೆ ಟಾರ್ಕ್ ಕನ್ವರ್ಟರನ್ನೂ ಎಂಜಿನ್ನಿನಿಂದ ಬೇರ್ಪಡಿಸಬೇಕು. ಕ್ಲಚ್ಚಿನ ಕೆಲಸವನ್ನು ಮಾಡುವುದು ಅದೇ. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳನ್ನು ಕಲ್ಪಿಸಿಕೊಳ್ಳಿ. ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ.

ಮಿಸ್ತ್ರಿ ಮೊದಲು ಎಣ್ಣೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಗೇರಿನ ಎಣ್ಣೆ ಕೆಂಪಗಿದ್ದರೆ ಸರಿ. ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ಮಹಾಪೂರದ ನೀರು ಒಳಗೆ ಹೋಗಿದೆ. ನಮ್ಮದು ಕೆಂಪಗಿತ್ತು, ಮಟ್ಟ ತುಸು ಕಡಿಮೆ ಇತ್ತು. ಎಣ್ಣೆ ಹಾಕಿದರು. ಗಾಡಿ ಬದಲಾಗಲಿಲ್ಲ. “ಕನ್ವರ್ಟರ್ ಪೂರಾ ಒಳಗ ಕೂಡಿಸದ ಬೋಲ್ಟ್ ಬಿಗದ್ರ ಪಂಪ್ ಒಡಿತೈತಿ. ಒಡದಿದ್ರ ಗಾಡಿ ಇಷ್ಟೂ ನಡೀತಿದ್ದಿಲ್ಲ” ಎಂದು ಆ ಸಂಶಯವನ್ನೂ ಬದಿಗಿಟ್ಟರು. ಆಮೇಲೆ ಸ್ಕ್ಯಾನರ್ ಹಚ್ಚಿದರು. ಗೇರುಗಳನ್ನು ಬದಲಿಸುವ ಸೊಲೆನಾಯ್ಡುಗಳ ಮೇಲೆಯೇ ದೂರುಗಳು ಬಂದವು. ಒಂದರ ಮೇಲಲ್ಲ, ಎಲ್ಲದರ ಮೇಲೆ.

“ನೋಡ್ರಿ, ಗೇರ್‌ಬಾಕ್ಸ್ ಹೋಗೈತಿ” ಎಂದ ಕಾಕಾ.

ಮಿಸ್ತ್ರಿ ನಕ್ಕರು. “ಒಂದ ಮನ್ಯಾಗ ನಾಕ ಮಂದಿ ಒಂದ ದಿನ ಆರಾಮ ತಪ್ಪಿದ್ರ ನಾಕೂ ಮಂದೀನ ಬೈತೀರೇನ್ರಿ? ಕುಡಿಯೂ ನೀರ ನೋಡ್ತೀರಿ.”

ಗೇರ್‌ಬಾಕ್ಸಿನ ಕಂಪ್ಯೂಟರಿಗೂ ಸೊಲೆನಾಯ್ಡುಗಳಿಗೂ ಕರೆಂಟು ಬ್ಯಾಟರಿಗೆ ಮರಳಿ ಹೋಗುವ ದಾರಿ ಅರ್ಥಿಂಗ್ ವೈರು. ಅದರ ತುದಿಯ ಬಳೆಯನ್ನು ಎಂಜಿನ್ನಿನ ಲೋಹಕ್ಕೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಮಿಸ್ತ್ರಿ ಗಾಡಿ ಚಾಲೂ ಇಟ್ಟು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಆ ಬಳೆಗೂ ಹಿಡಿದರು. ಸೊನ್ನೆಯ ಹತ್ತಿರ ಇರಬೇಕಾದದ್ದು ಅರ್ಧ ವೋಲ್ಟು ದಾಟಿತ್ತು. ಬೋಲ್ಟು ಬಿಚ್ಚಿದರು. ಬಳೆಗೆ ಮಹಾಪೂರದ ಸಣ್ಣ ರಾಡಿ ಒಣಗಿ ಹಪ್ಪಳದಂತೆ ಅಂಟಿತ್ತು, ಅದರ ಕೆಳಗೆ ಹಸಿರು ಕಿಲುಬು. ಹುಡುಗ ವೈರನ್ನು ಬಿಗಿಯಾಗಿಯೇ ಕೂರಿಸಿದ್ದ, ಆದರೆ ಒರೆಸಿರಲಿಲ್ಲ. ಮಿಸ್ತ್ರಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದು, ಹಳೆಯ ದೂರುಗಳನ್ನು ಅಳಿಸಿದರು. ಗಾಡಿ ಎರಡನೇ ಗೇರಿಗೆ ಹೋಯಿತು, ಮೂರಕ್ಕೂ ಹೋಯಿತು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಸಂಸ್ಕೃತದವರು ಇದನ್ನೇ ಕಾಕತಾಲೀಯ ಎಂದರು. ಒಂದರ ಹಿಂದೆ ಇನ್ನೊಂದು ಬಂದಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಗಾಡಿಯ ವಿಷಯ ಇಷ್ಟು ಸರಳವಾಗಿರಲಿಲ್ಲ. ಎಂಜಿನ್ ಬದಲಿಸಿದ್ದಕ್ಕೂ ಗೇರ್ ಕೆಟ್ಟಿದ್ದಕ್ಕೂ ಸಂಬಂಧ ಇದ್ದೇ ಇತ್ತು. ಎಂಜಿನ್ ಇಳಿಸದಿದ್ದರೆ ಆ ವೈರನ್ನು ಯಾರೂ ಬಿಚ್ಚುತ್ತಿರಲಿಲ್ಲ. ಹಾಗಿದ್ದರೆ ಕಾಕಾ ಹೇಳಿದ್ದರಲ್ಲಿ ತಪ್ಪೇನು?

ನೈಯಾಯಿಕರು ಇದಕ್ಕೊಂದು ಹೆಸರಿಟ್ಟಿದ್ದಾರೆ: ಅನ್ಯಥಾಸಿದ್ಧ. ಮಡಕೆ ಹುಟ್ಟುವ ಮೊದಲು ಮಣ್ಣು ಇತ್ತು, ತಿಗರಿ ಇತ್ತು, ಕೋಲು ಇತ್ತು, ಕುಂಬಾರ ಇದ್ದ. ಮಣ್ಣು ಹೊತ್ತು ತಂದ ಕತ್ತೆಯೂ ಇತ್ತು. ಕುಂಬಾರನ ಅಪ್ಪನೂ ಒಂದು ಕಾಲಕ್ಕೆ ಇದ್ದೇ ಇದ್ದ. ಹಾಗೆಂದು ಕತ್ತೆಯನ್ನೂ ಅಪ್ಪನನ್ನೂ ಮಡಕೆಯ ಕಾರಣವೆನ್ನಲು ಬರುವುದಿಲ್ಲ. ಮಣ್ಣನ್ನು ಗಾಡಿಯಲ್ಲಿ ತಂದಿದ್ದರೂ ಮಡಕೆ ಅದೇ ಆಗುತ್ತಿತ್ತು. ಮೊದಲು ಇದ್ದದ್ದಕ್ಕೂ ಕಾರಣವಾದದ್ದಕ್ಕೂ ನಡುವೆ ಗೆರೆ ಎಳೆಯುವುದು ಈ ವಿಚಾರದ ಉದ್ದೇಶ. ನಮ್ಮ ಹೊಸ ಎಂಜಿನ್ ಆ ಕತ್ತೆಯಾಗಿತ್ತು. ಬೇರೆ ಯಾವ ಎಂಜಿನ್ ತಂದಿದ್ದರೂ, ಹಳೆಯ ಎಂಜಿನ್ನನ್ನೇ ಇಳಿಸಿ ಮತ್ತೆ ಕೂರಿಸಿದ್ದರೂ, ಒರೆಸದ ವೈರು ಅದೇ ತೊಂದರೆ ಕೊಡುತ್ತಿತ್ತು.

ಜಾನ್ ಸ್ಟುಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಪುಸ್ತಕದಲ್ಲಿ ಕಾರಣ ಹುಡುಕುವ ವಿಧಾನಗಳಿವೆ. ಎರಡು ಸಂದರ್ಭಗಳು ಒಂದೇ ಒಂದು ಸಂಗತಿಯಲ್ಲಿ ಬೇರೆಯಾಗಿದ್ದರೆ ಆ ಸಂಗತಿಯಲ್ಲೇ ಕಾರಣವಿದೆ ಎಂಬುದು ಅವುಗಳಲ್ಲಿ ಒಂದು. ನಮ್ಮಲ್ಲಿ ಅನ್ವಯ-ವ್ಯತಿರೇಕ ಎಂದು ಕರೆಯುವುದಕ್ಕೆ ಇದು ಹತ್ತಿರದ್ದು. ವಿಧಾನ ಸರಿಯೇ. ಷರತ್ತನ್ನು ಮಾತ್ರ ಮರೆಯುತ್ತೇವೆ: ಬೇರೆಯಾದದ್ದು ಒಂದೇ ಆಗಿರಬೇಕು. ಬದುಕಿನಲ್ಲಿ ಒಂದೇ ಬದಲಾಗುವುದು ಅಪರೂಪ. ಕಣ್ಣಿಗೆ ದೊಡ್ಡದಾಗಿ ಕಾಣುವುದು ಒಂದು. ಅದರ ಸುತ್ತ ಕದಲಿದ ಇಪ್ಪತ್ತು ಕಾಣುವುದಿಲ್ಲ.

ಮನೆಗೆ ಸೊಸೆ ಬಂದಾಗಲೂ ಹೀಗೆಯೇ. ಮದುವೆಯೆಂದರೆ ಸಾಲ, ಮಾರಿದ ಹೊಲ, ಅಣ್ಣ-ತಮ್ಮಂದಿರ ನಡುವೆ ಎದ್ದ ಹಿಸ್ಸೆಯ ಮಾತು, ಬದಲಾದ ಮಲಗುವ ಕೋಣೆ, ಬೆಳಗ್ಗೆ ಮೊದಲ ಚಹಾ ಯಾರಿಗೆಂಬ ಲೆಕ್ಕ. ಇಷ್ಟೆಲ್ಲ ಬೋಲ್ಟುಗಳನ್ನು ನಾವೇ ಬಿಚ್ಚಿರುತ್ತೇವೆ, ನಾವೇ ಒರೆಸದೆ ಬಿಗಿದಿರುತ್ತೇವೆ. ಆಮೇಲೆ ಮನೆ ಜಗ್ಗಿದರೆ ಹೊಸಬಳ ಕಾಲು ನೋಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಗಲು ಬಳಸುತ್ತೇವೆ. ಎಮ್ಮೆಯ ಕಡೆಯಿಂದ ನೋಡಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಇದು ಮನೆಯ ಮಟ್ಟದಲ್ಲೇ ನಿಲ್ಲುವುದಿಲ್ಲ. ಮಹಾಪೂರ ಬಂದ ವರ್ಷಗಳಲ್ಲಿ ಸಾಂಗ್ಲಿ-ಕೊಲ್ಹಾಪುರದ ಕಡೆ ಆಲಮಟ್ಟಿ ಅಣೆಕಟ್ಟೆಯನ್ನು ಬೈಯುತ್ತಾರೆ, ನಮ್ಮ ಕಡೆ ಕೊಯ್ನಾದಿಂದ ನೀರು ಬಿಟ್ಟದ್ದನ್ನು ಬೈಯುತ್ತಾರೆ. ಮಳೆ ಎಷ್ಟು ಬಿತ್ತು, ಹೊಳೆಯ ಪಾತ್ರದಲ್ಲಿ ಯಾರು ಏನು ಕಟ್ಟಿದರು, ಯಾವ ಗೇಟು ಯಾವ ಗಂಟೆಗೆ ತೆರೆಯಿತು ಎಂದು ಒಂದೊಂದಾಗಿ ನೋಡುವ ಕೆಲಸ ಬೇಸರದ್ದು. ಗಡಿಯ ಆಚೆಗೆ ಬೆರಳು ತೋರಿಸುವುದು ಸುಲಭ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಬರಬಹುದು. ಹೊಸದರ ಮೇಲೆ ಮೊದಲು ಸಂಶಯ ಪಡುವುದು ಸಹಜವಲ್ಲವೇ? ಕೊನೆಗೆ ಮಾಡಿದ ಕೆಲಸವನ್ನೇ ಮೊದಲು ನೋಡು ಎಂಬುದು ರಿಪೇರಿಯ ಮೊದಲ ಪಾಠವಲ್ಲವೇ? ಹೌದು. ಮಿಸ್ತ್ರಿಯೂ ಅಲ್ಲಿಂದಲೇ ಶುರುಮಾಡಿದರು. ಆದರೆ ಅವರು ಕೇಳಿದ್ದು “ಏನೇನ ಬಿಚ್ಚಿದ್ರಿ” ಎಂದು, “ಯಾರು ಬಂದ್ರು” ಎಂದಲ್ಲ. ಕನ್ನಡದಲ್ಲಿ ಇದಕ್ಕೆ ಎರಡು ಒಳ್ಳೆಯ ಮಾತುಗಳಿವೆ, ಕಾಲ್ಗುಣ ಮತ್ತು ಕೈಗುಣ. ಕಾಲ್ಗುಣ ಬರುವವರದು. ಅದನ್ನು ಪರೀಕ್ಷಿಸಲು ಮೀಟರಿಲ್ಲ, ಸುಳ್ಳೆಂದು ತೋರಿಸಲು ದಾರಿಯಿಲ್ಲ, ಹೊತ್ತವರು ಇಳಿಸುವಂತೆಯೂ ಇಲ್ಲ. ಕೈಗುಣ ಮಾಡುವವರದು. ಕೈ ಏನು ಮಾಡಿತೆಂದು ನೋಡಬಹುದು, ತಪ್ಪಿದ್ದರೆ ತೋರಿಸಬಹುದು, ಉಪ್ಪುಕಾಗದ ಹಿಡಿದು ಸರಿಪಡಿಸಲೂಬಹುದು. ಕಾಲಿನ ಮೇಲಿನ ಸಂಶಯ ಮನುಷ್ಯರನ್ನು ಹೊರಗಿಡುತ್ತದೆ. ಕೈಯ ಮೇಲಿನ ಸಂಶಯ ಕೆಲಸವನ್ನು ತಿದ್ದುತ್ತದೆ.

ಆ ದಿನ ಮಿಸ್ತ್ರಿ ಹಿಡಿದ ಕ್ರಮದಲ್ಲಿ ನನಗೊಂದು ನೀತಿಯೂ ಕಾಣುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಮರಳಿ ಸರಿಪಡಿಸಲು ಬಾರದ ಕೆಲಸ ಕೊನೆಗೆ. ಗೇರ್‌ಬಾಕ್ಸ್ ಇಳಿಸಿ ತೆರೆದು ನೋಡಿದ್ದರೆ ಸಾವಿರಾರು ರೂಪಾಯಿ ಹೋಗುತ್ತಿತ್ತು, ಸರಿಯಿದ್ದದ್ದೂ ಕೆಡಬಹುದಿತ್ತು. ಮನುಷ್ಯರ ಮೇಲೆ ಆಡುವ ಮಾತು ಮರಳಿ ಬಾರದ ಕೆಲಸಗಳಲ್ಲಿ ಮೊದಲನೆಯದು. ನಾವು ಅದನ್ನೇ ಎಲ್ಲಕ್ಕಿಂತ ಮೊದಲು ಮಾಡುತ್ತೇವೆ, ಅದಕ್ಕೆ ಖರ್ಚಿಲ್ಲವೆಂದು ತಿಳಿದು.

ತಪ್ಪನ್ನು ಹೀಗೆ ಹೊಳೆ, ರಾಡಿ, ವೈರು, ಹುಡುಗ ಎಂದು ಹಂಚುತ್ತ ಹೋದರೆ ಕಡೆಗೆ ಯಾರೂ ಹೊಣೆಗಾರರಾಗಿ ಉಳಿಯುವುದಿಲ್ಲ ಎಂಬ ಭಯವೂ ಇದೆ. ನನ್ನ ಅನುಭವ ಬೇರೆ. ಹಂಚಿದಾಗಲೇ ನನ್ನ ಪಾಲು ಎಷ್ಟೆಂದು ನನಗೆ ಕಂಡದ್ದು. ಹುಡುಗನ ಪಾಲು ಒರೆಸದ ಒಂದು ಬಳೆ. ಹೊಳೆಯ ಪಾಲು ರಾಡಿ. ಎಂಜಿನ್ ಸತ್ತದ್ದು, ಅದನ್ನು ಇಳಿಸಬೇಕಾಗಿ ಬಂದದ್ದು ನನ್ನ ಪಾಲು. ಎಲ್ಲವೂ ಕಾಲ್ಗುಣವೆಂದು ಒಂದೇ ಕಡೆ ಸುರಿದಿದ್ದಾಗ ನಾನು ಅದರ ನೆರಳಲ್ಲಿ ಹಾಯಾಗಿದ್ದೆ. ಹೊಸಬರ ಮೇಲೆ ತಪ್ಪು ಹೊರಿಸುವುದರ ನಿಜವಾದ ಲಾಭ ಹಳಬರಿಗೆ.

ಗಾಡಿ ಸರಿಯಾದ ಮೇಲೂ ಕೆಲವು ದಿನ ಗೇರು ಬೀಳುವಾಗ ಸಣ್ಣಗೆ ಜಗ್ಗುತ್ತಿತ್ತು. ಮಿಸ್ತ್ರಿ ಮೊದಲೇ ಹೇಳಿದ್ದರು: ಗೇರ್‌ಬಾಕ್ಸಿನ ಕಂಪ್ಯೂಟರು ಹಳೆಯ ಎಂಜಿನ್ನಿನ ಜೊತೆ ಕಲಿತದ್ದೆಲ್ಲ ಅಳಿಸಿದೆ, ಹೊಸದರ ಜೊತೆ ಮತ್ತೆ ಕಲಿಯಬೇಕು, ಅವಸರ ಮಾಡದೆ ಓಡಿಸಿ. ಅಪ್ಪ ದಿನಾ ಬೆಳಗ್ಗೆ ಚಿಕ್ಕೋಡಿಯಿಂದ ಅಂಕಲಿ ಕಡೆ ಮೆಲ್ಲಗೆ ಓಡಿಸಿಕೊಂಡು ಬರುತ್ತಿದ್ದ. ಹೊಂದಿಕೊಳ್ಳಬೇಕಾದದ್ದು ಹೊಸ ಎಂಜಿನ್ ಒಂದೇ ಅಲ್ಲ, ಹಳೆಯ ಗೇರ್‌ಬಾಕ್ಸೂ ಹೌದು ಎಂಬುದನ್ನು ಆ ಮುದುಕ ತಕರಾರಿಲ್ಲದೆ ಒಪ್ಪಿಕೊಂಡ. ಮನೆಯೊಳಗೆ ಮಾತ್ರ ಹೊಂದಿಕೊಳ್ಳಬೇಕೆಂಬ ಉಪದೇಶ ಒಬ್ಬರಿಗೇ ಇತ್ತು.

ಹುಡುಗನ ಬಾಕಿ ಮಜೂರಿಯನ್ನು ಅಪ್ಪ ಮರುದಿನವೇ ಕೊಟ್ಟು ಬಂದ. ವೈನಿಗೆ ಕೊಡಬೇಕಾದ ಬಾಕಿ ಯಾರ ನೆನಪಿನಲ್ಲೂ ಇರಲಿಲ್ಲ. ಗಾಡಿ ಸರಿಯಾಯಿತು, ಅತ್ತಿ ಆಡಿದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಒಂದು ವರ್ಷದ ಮೇಲೆ, ಲಾಕ್‌ಡೌನಿನಲ್ಲಿ ಊರಿಗೆ ಬಂದಿದ್ದಾಗ, ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ವೈನಿಗೆ ಹೇಳಿದೆ: “ವೈನಿ, ಆ ಎಂಜಿನ್ ಕೆಡಿಸಿದಾಂವ ನಾನ. ನೀರ ತುಂಬಿದಾಗ ಎರಡ ಸಲ ಚಾವಿ ತಿರುವಿದ್ದೆ.”

ಅವರು ಶೇಂಗಾ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. “ಗೊತ್ತೈತಿ” ಎಂದರು. “ಆವತ್ತ ನಾ ಅಲ್ಲೇ ಹಿತ್ತಲದಾಗ ರಾಡಿ ಬಳೀತಿದ್ನಿ. ಸಪ್ಪಳಾನೂ ಕೇಳಿದ್ನಿ.”

“ಮತ್ತ ಯಾಕ ಹೇಳಲಿಲ್ಲ?”

“ಮೂರ ತಿಂಗಳ ಹಿಂದ ಬಂದಾಕಿ ನಾ. ಮನಿ ಮಗನ ಮ್ಯಾಗ ಹೇಳಿದ್ರ ಯಾರ ನಂಬತಿದ್ರು?”

ಕಾರಣವನ್ನು ಕಣ್ಣಾರೆ ಕಂಡಿದ್ದವರು ಒಬ್ಬರೇ, ಮತ್ತು ಕಾರಣವೆಂದು ಹೇಳಿಸಿಕೊಂಡವರೂ ಅವರೇ. ನನ್ನ ಪ್ರಬಂಧದ ಯಾವ ಅಧ್ಯಾಯದಲ್ಲೂ ಇದಕ್ಕೆ ಜಾಗ ಸಿಕ್ಕಿಲ್ಲ. ಆ ರಾತ್ರಿ ಊಟದ ಹೊತ್ತಿಗೆ ಅಪ್ಪ, ಅವ್ವ, ಅಣ್ಣ ಎಲ್ಲರ ಮುಂದೆ ಚಾವಿಯ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡ, ಹಳೇದಾತು” ಎಂದ. ಮನೆಯ ಮಗನಿಗೆ ಕ್ಷಮೆ ಅಷ್ಟು ಬೇಗ ಸಿಗುತ್ತದೆ. ಅವ್ವ ಮಾತ್ರ ಎದ್ದು, ರೊಟ್ಟಿ ಬಡಿಯುತ್ತಿದ್ದ ವೈನಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, “ನೀ ಉಣ್ಣ ನಡಿ, ಉಳಿದದ್ದ ನಾ ಬಡೀತೇನಿ” ಎಂದಳು.

ಕಾರು ಈಗಲೂ ಇದೆ. ಊರಿಗೆ ಹೋದಾಗ ಅದನ್ನು ಓಡಿಸುವವರು ವೈನಿ. ನಾನು ಪಕ್ಕದಲ್ಲಿ ಕೂರುತ್ತೇನೆ.